ಹುಡುಗಿಯ ಚಾರ್ಜು

ಜೂನ್ 4, 2000, ಭಾನುವಾರ

ರಜೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಬರೆಯಬೇಕೆಂಬುದು ಅಮ್ಮನ ಆಜ್ಞೆ. ಮಸ್ಕತ್‌ನ ಕನ್ನಡ ಸಂಘದಲ್ಲಿ ಪ್ರತಿ ಶುಕ್ರವಾರ ಮಕ್ಕಳಿಗೆ ಕನ್ನಡ ಕಲಿಸುವವಳು ಅವಳೇ. ಟೀಚರ ಮಗಳೇ ಅಕ್ಷರ ಮರೆತರೆ ಮರ್ಯಾದೆ ಉಳಿಯುವುದಿಲ್ಲವಂತೆ. ಅವಳಿಗೆ ತೋರಿಸಲು ಬೇರೆ ನೋಟ್‌ಬುಕ್ ಇದೆ. ಅದರಲ್ಲಿ ‘ಹೈದರಾಬಾದ್ ಒಂದು ಸುಂದರ ನಗರ’ ಎಂದು ಬರೆದಿದ್ದೇನೆ. ಇದು ನಿಜದ ನೋಟ್‌ಬುಕ್. ಇಲ್ಲಿ ಬರೆಯುತ್ತೇನೆ ಕೇಳಿ: ಕೂಕಟ್‌ಪಲ್ಲಿಯ ಅಜ್ಜನ ಮನೆಯಲ್ಲಿ ಕರೆಂಟು ಹೋದರೆ ಫ್ಯಾನಿನ ಜೊತೆ ನನ್ನ ಪ್ರಾಣವೂ ನಿಂತುಹೋಗುತ್ತದೆ.

ಅಜ್ಜ ಅಮರೇಶಪ್ಪ, ಅಜ್ಜಿ ಸುಗಲಮ್ಮ, ಇಬ್ಬರೂ ಅಪ್ಪನ ಕಡೆಯವರು. ಮೂವತ್ತೈದು ವರ್ಷದ ಹಿಂದೆ ಲಿಂಗಸುಗೂರಿನಿಂದ ಬಂದು ಇಲ್ಲೇ ಉಳಿದರು. ಅಜ್ಜ ನಾಚಾರಂನ ಬಲ್ಬ್ ಕಾರ್ಖಾನೆಯಲ್ಲಿದ್ದ. ಈಗ ನಿವೃತ್ತ, ಆದರೆ ಆ ಸುದ್ದಿ ಅವನಿಗೆ ಇನ್ನೂ ಮುಟ್ಟಿಲ್ಲ. ಬೆಳಿಗ್ಗೆ ಆರರಿಂದ ಎರಡು ಅವನ ಎ ಶಿಫ್ಟು, ಎರಡರಿಂದ ಹತ್ತು ಬಿ ಶಿಫ್ಟು. ಎರಡು ಗಂಟೆ ಹೊಡೆಯುವ ತನಕ ಅನ್ನದ ತಟ್ಟೆ ಮುಟ್ಟುವುದಿಲ್ಲ.

ಅಜ್ಜಿ ನನ್ನ ಹೆಸರನ್ನೇ ಹೇಳುವುದಿಲ್ಲ. ಶಿವದೇವಿ ಎಂಬುದು ಅವಳ ಅತ್ತೆಯ ಹೆಸರೂ ಹೌದು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಸೊಸೆಯ ಬಾಯಲ್ಲಿ ಅದು ಬರಬಾರದಂತೆ. ಹಾಗಾಗಿ ಹದಿನಾಲ್ಕು ವರ್ಷದ ನನ್ನನ್ನು ಅತ್ತೆವ್ವ ಎಂದು ಕರೆದು, ಬಹುವಚನ ಬೇರೆ ಕೊಡುತ್ತಾಳೆ.

“ಅತ್ತೆವ್ವ, ಹಾಲು ಕುಡೀರಿ. ಕುಡೀಲಿಲ್ಲಂದ್ರ ಬೆನ್ನಿಗೆ ಎರಡು ಬಿಗೀತೀನಿ.”

ಇಷ್ಟು ಗೌರವದಿಂದ ನನ್ನನ್ನು ಯಾರೂ ಹೆದರಿಸಿರಲಿಲ್ಲ.

ಜೂನ್ 11

ಅಮ್ಮ ಇವತ್ತು ಮಸ್ಕತ್‌ಗೆ ಹೊರಟಳು. ಜುಲೈ ಮೂವತ್ತಕ್ಕೆ ಬಂದು ಕರೆದುಕೊಂಡು ಹೋಗುತ್ತಾಳೆ. ನನಗೆ ಇನ್ನೂ ಐವತ್ತು ದಿನ. ಹೊರಡುವಾಗ ಬಹಳ ಅತ್ತಳು. ಐವತ್ತು ದಿನಕ್ಕೆ ಇಷ್ಟು ಅಳುವುದೇ ಎಂದು ನಾನೇ ಸಮಾಧಾನ ಮಾಡಿದೆ.

ಜೂನ್ 12

ಹೊಸ ಬಟ್ಟೆ ಹೊಲಿಸುತ್ತೇನೆಂದು ಅಜ್ಜ ದರ್ಜಿಯ ಅಂಗಡಿಗೆ ಕರೆದೊಯ್ದ. ಗುಲಾಬಿ ಬಣ್ಣದ ಚೂಡಿದಾರ ಎಂದುಕೊಂಡು ಕುಣಿಯುತ್ತ ಹೋದೆ. ದರ್ಜಿ ಟೇಪು ಹಿಡಿದು, “ಏ ಕ್ಲಾಸ್ ಅಮ್ಮಾ?” ಎಂದ, ಯಾವ ಕ್ಲಾಸು ಎಂದು. ಬಟ್ಟೆಗೂ ಕ್ಲಾಸಿಗೂ ಏನು ಸಂಬಂಧವೋ ತಿಳಿಯಲಿಲ್ಲ. ಅಜ್ಜನೇ, “ತೊಮ್ಮಿದೋ ಕ್ಲಾಸ್” ಎಂದು ಒಂಬತ್ತನೆಯದನ್ನು ತೆಲುಗಿನಲ್ಲಿ ಹೇಳಿದ. ದರ್ಜಿ ನೀಲಿ ಬಟ್ಟೆಯ ಥಾನು ಬಿಚ್ಚಿದ. ಗೋಡೆಗೆ ಅದೇ ನೀಲಿಯ ಹದಿನೈದು ಸ್ಕರ್ಟು ನೇತಾಡುತ್ತಿದ್ದವು.

“ಇದು ಯೂನಿಫಾರ್ಮ್ ಅಲ್ಲವಾ ಅಜ್ಜ?”

“ಹೌದಲ್ಲ ಯವ್ವ. ನಾಡದು ಶಾಲಿ ಚಾಲೂ.”

“ಯಾರ ಶಾಲೆ?”

ಅಜ್ಜ ದರ್ಜಿಯ ಮುಖ ನೋಡಿದ, ನೆಲ ನೋಡಿದ. “ನಿಮ್ಮಪ್ಪ ಹೇಳಿಲ್ಲೇನು?” ಎಂದ. ಪಾಪ, ಅವನಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿಲ್ಲವೆಂದು.

ಮನೆಗೆ ಬಂದು ಅಜ್ಜನ ಟ್ರಂಕು ತೆಗೆಸಿದೆ. ಮಸ್ಕತ್ ಶಾಲೆಯ ನನ್ನ ಟಿಸಿ, ನನ್ನ ಪಾಸ್‌ಪೋರ್ಟು, ಇಲ್ಲಿನ ಶಾಲೆಯ ಪ್ರವೇಶ ಪತ್ರ ಎಲ್ಲವೂ ಅಲ್ಲಿದ್ದವು. ಪ್ರವೇಶ ಪತ್ರದ ಮೇಲೆ ಏಪ್ರಿಲ್ ತಿಂಗಳ ತಾರೀಕು. ಏಪ್ರಿಲ್‌ನಲ್ಲಿ ನಾನು ಮಸ್ಕತ್‌ನಲ್ಲಿ ಒಂಬತ್ತನೆಯ ತರಗತಿಯ ಹೊಸ ಪುಸ್ತಕಗಳಿಗೆ ಕವರು ಹಾಕುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕುಳಿತು ಒಂದೊಂದಕ್ಕೂ ನನ್ನ ಹೆಸರಿನ ಲೇಬಲ್ ಅಂಟಿಸಿದಳು. ಎಲ್ಲ ಗೊತ್ತಿದ್ದೂ ಅಂಟಿಸಿದಳು.

ಜೂನ್ 13

ಅಪ್ಪ ಅಮ್ಮನ ಫೋನು ಬಂತು. ನಾನು ಮಾತಾಡಲಿಲ್ಲ.

ಜೂನ್ 23

ಶಾಲೆಗೆ ಹೋಗತೊಡಗಿ ಒಂದು ವಾರವಾಯಿತು. ನೀಲಿ ಸ್ಕರ್ಟು, ಎರಡು ಜಡೆ, ಬಿಳಿ ರಿಬ್ಬನ್ನು. ತೆಲುಗು ಕಡ್ಡಾಯ. ತೆಲುಗು ಟೀಚರು ನನಗೆ ಒಂದನೆಯ ತರಗತಿಯ ಪುಸ್ತಕ ಕೊಟ್ಟರು. ಗಣಿತದಲ್ಲಿ ಒಂಬತ್ತನೆಯ ಕ್ಲಾಸು, ತೆಲುಗಿನಲ್ಲಿ ಒಂದನೆಯ ಕ್ಲಾಸು. ಒಂದೇ ದಿನದಲ್ಲಿ ಎರಡು ವಯಸ್ಸು ಬದುಕುತ್ತಿದ್ದೇನೆ.

ಮನೆಯಲ್ಲಿ ನನ್ನನ್ನು ಕಾರ್ಖಾನೆಯ ಮೆಶೀನಿನ ಹಾಗೆ ನಡೆಸುತ್ತಾರೆ. ನಾಲ್ಕು ಗಂಟೆಗೆ ಶಾಲೆಯಿಂದ ಬಂದರೆ ಅಜ್ಜಿಯ ಡ್ಯೂಟಿ. ಆರಕ್ಕೆ ಅಜ್ಜ ವಾಕಿಂಗ್ ಮುಗಿಸಿ ಬಂದು ಬಾಗಿಲಲ್ಲಿ ನಿಂತು “ಚಾರ್ಜು ಕೊಡು” ಎನ್ನುತ್ತಾನೆ. ಕಾರ್ಖಾನೆಯಲ್ಲಿ ಶಿಫ್ಟು ಬದಲಾಗುವಾಗ ಹೋಗುವವನು ಬರುವವನಿಗೆ ಎಲ್ಲ ವಿವರ ಒಪ್ಪಿಸಿ ಹೋಗಬೇಕಂತೆ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಒಪ್ಪಿಸುತ್ತಾಳೆ:

“ಒಂದೂವರಿ ರೊಟ್ಟಿ ತಿಂದಾರ. ಹಾಲು ಚೆಲ್ಲಿದ್ರು. ಬಚ್ಚಲದಾಗ ಒಮ್ಮೆ ಅತ್ತಾರ, ನಾ ಕೇಳಸ್ಕೊಂಡಿಲ್ಲ ಅಂತ ತಿಳದಾರ.”

ಎಲ್ಲವನ್ನೂ ನನ್ನ ಎದುರೇ ಹೇಳುತ್ತಾಳೆ. ಈ ಮನೆಯಲ್ಲಿ ಗುಟ್ಟಾಗಿ ಅಳುವುದಕ್ಕೂ ಜಾಗವಿಲ್ಲ.

ಜುಲೈ 7

ಮಹಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕಾವ್ಯಕ್ಕ ಇದ್ದಾಳೆ. ರಾಯಚೂರಿನವಳು, ಅಮೀರ್‌ಪೇಟೆಯಲ್ಲಿ ಜಾವಾ ಕಲಿಯುತ್ತಿದ್ದಾಳೆ. ಈ ಬೀದಿಯಲ್ಲಿ ಜಾವಾ ಕಲಿಯದವರು ನಾನು, ಅಜ್ಜ, ಅಜ್ಜಿ ಮತ್ತು ಎದುರು ಮನೆಯ ಎಮ್ಮೆ ಮಾತ್ರ. ಕಾವ್ಯಕ್ಕ ಇಂಟರ್‌ನೆಟ್ ಅಂಗಡಿಗೆ ಕರೆದೊಯ್ದು ಹೋದ ತಿಂಗಳೇ ನನಗೊಂದು ಇಮೇಲ್ ವಿಳಾಸ ಮಾಡಿಕೊಟ್ಟಳು. ಅಪ್ಪನಿಗೆ ಬರೆದೆ: ‘ನನ್ನನ್ನು ಕರೆಸಿಕೊಳ್ಳಿ.’ ಅಷ್ಟೇ. ಮರುದಿನವೂ ಅದನ್ನೇ ಬರೆದೆ. ಹನ್ನೊಂದು ಸಲ ಬರೆದ ಮೇಲೆ ಇವತ್ತು ಉತ್ತರ ಬಂತು.

ಈಗ ಇಡೀ ಜಗತ್ತು ಹೈದರಾಬಾದಿನ ಕಡೆ ನೋಡುತ್ತಿದೆಯಂತೆ. ಇಲ್ಲೇ ಓದಿದರೆ ಕಂಪ್ಯೂಟರ್ ಎಂಜಿನಿಯರ್ ಆಗುವುದು ಸುಲಭವಂತೆ. ಮೊದಲೇ ಹೇಳಿದ್ದರೆ ನಾನು ವಿಮಾನ ಹತ್ತುತ್ತಿರಲಿಲ್ಲವಂತೆ, ಅದಕ್ಕೇ ಹೇಳಲಿಲ್ಲವಂತೆ. ಮುಂದೆ ಒಂದು ದಿನ ನಾನೇ ಥ್ಯಾಂಕ್ಸ್ ಹೇಳುತ್ತೇನಂತೆ.

ಜಗತ್ತು ನೋಡಿದರೆ ನೋಡಲಿ. ಅದರ ಎದುರಿಗೆ ನನ್ನನ್ನೇ ತಂದು ಯಾಕೆ ನಿಲ್ಲಿಸಬೇಕು?

ಜುಲೈ 30

ಇವತ್ತು ಅಮ್ಮ ಬರಬೇಕಿದ್ದ ದಿನ. ಬರುವುದಿಲ್ಲ ಎಂದು ಗೊತ್ತಿದ್ದರೂ ಗೇಟಿನ ಸದ್ದಾದಾಗ ಎರಡು ಸಲ ಎದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಗಸ್ಟ್ 21

ಇವತ್ತು ಓಡಿಹೋದೆ. ವಾಪಸ್ ಬಂದಿದ್ದೇನೆ. ವಿವರವಾಗಿ ಬರೆಯುತ್ತೇನೆ.

ಮಸ್ಕತ್‌ನ ನನ್ನ ಶಾಲೆ ರಜೆ ಮುಗಿಸಿ ತೆರೆದಿದೆ. ನನ್ನ ಜಾಗದಲ್ಲಿ, ಕಿಟಕಿಯ ಪಕ್ಕ, ಹೊಸ ಹುಡುಗಿ ಕುಳಿತಿದ್ದಾಳೆಂದು ಗೆಳತಿ ರೀಮಾ ಬರೆದಿದ್ದಳು. ಅದನ್ನು ಓದಿದ ಮೇಲೆ ತಡೆಯಲಾಗಲಿಲ್ಲ. ಬೆಳಿಗ್ಗೆ ಟ್ರಂಕಿನಿಂದ ಪಾಸ್‌ಪೋರ್ಟು ತೆಗೆದು ಶಾಲೆಯ ಚೀಲಕ್ಕೆ ಹಾಕಿಕೊಂಡೆ. ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ಹೋಗಿ, ಯಾರಾದರೂ ದೊಡ್ಡ ಅಧಿಕಾರಿ ಕಂಡರೆ ಜೋರಾಗಿ ಅಳುವುದು, ಅವರು ಕರಗಿ ಮಸ್ಕತ್ ವಿಮಾನಕ್ಕೆ ಹತ್ತಿಸುವುದು, ಇದು ಯೋಜನೆ. ಟಿಕೆಟ್ ಎಂಬ ವಿಷಯವನ್ನು ನಾನು ಆಳವಾಗಿ ಯೋಚಿಸಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ರಾತ್ರಿಯೆಲ್ಲ ಯೋಜನೆ ಮಾಡುತ್ತ ನಿದ್ದೆಗೆಟ್ಟಿದ್ದೆ. ಅಮೀರ್‌ಪೇಟೆ ಬರುವಷ್ಟರಲ್ಲಿ ಕಣ್ಣು ಮುಚ್ಚಿತು. ಬೇಗಂಪೇಟೆ ದಾಟಿತು, ಸಿಕಂದರಾಬಾದ್ ದಾಟಿತು. ಕಂಡಕ್ಟರ್ ಎಬ್ಬಿಸಿ ಇಳಿಸಿದಾಗ ಸುತ್ತ ಬರೀ ಕಾರ್ಖಾನೆಗಳು. ಯಾವ ಊರೆಂದು ಕೇಳಿದರೆ ನಾಚಾರಂ ಎಂದ. ಹೈದರಾಬಾದಿನಲ್ಲಿ ಇಷ್ಟೊಂದು ಜಾಗವಿದ್ದರೂ ನಾನು ಓಡಿಬಂದದ್ದು ಅಜ್ಜನ ಹಳೆಯ ಆಫೀಸಿಗೆ.

ಬೇರೆ ದಾರಿ ಕಾಣದೆ ಬಲ್ಬ್ ಕಾರ್ಖಾನೆ ಎಲ್ಲಿ ಎಂದು ಕೇಳಿಕೊಂಡು ಹೋದೆ. ಗೇಟಿನಲ್ಲಿ ಸಾಬಣ್ಣ ಎಂಬ ಮುದುಕ ವಾಚ್‌ಮನ್ ಇದ್ದ. ಅಮರೇಶಪ್ಪನ ಮೊಮ್ಮಗಳು ಎಂದ ಕೂಡಲೇ ಸ್ಟೂಲು ಬಿಟ್ಟುಕೊಟ್ಟು, ಚಹಾ ತರಿಸಿ, ಮನೆಗೆ ಫೋನು ಹಚ್ಚಿದ. ಒಂದೂವರೆ ಗಂಟೆಯಲ್ಲಿ ಅಜ್ಜ ಬಂದ. ಎಡಗಾಲಿಗೆ ಅವನ ಚಪ್ಪಲಿ, ಬಲಗಾಲಿಗೆ ಅಜ್ಜಿಯದು.

ಬೈಯಲಿಲ್ಲ. ಮೆಣಸಿನಕಾಯಿ ಬಜ್ಜಿ ಕೊಡಿಸಿದ. ನಾನು ಚೀಲದಿಂದ ಪಾಸ್‌ಪೋರ್ಟು ತೆಗೆದು ಕೊಟ್ಟೆ. ಅದನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

“ಮನಿಗೆ ಹೋಗಬೇಕಂತೀಯೇನು?”

“ಹೌದು.”

“ವರ್ಷ ಮುಗಿಯೂದ್ರೊಳಗ ನಿನ್ನ ನಿಮ್ಮಪ್ಪನ ಮನಿಗೆ ಮುಟ್ಟಸ್ತೀನಿ. ಇದು ನನ್ನ ಮಾತು. ಅಲ್ಲೀತನಕ ಹಿಂಗ ಒಬ್ಬಾಕಿನ ಬಸ್ ಹತ್ತಬ್ಯಾಡ. ನಿಮ್ಮಜ್ಜಿ ಎದಿ ಒಡಕೊಂಡು ಸತ್ತಗಿತ್ತಾಳು.”

“ಎಲ್ಲರೂ ಹೀಗೇ ಹೇಳುತ್ತೀರಿ” ಎಂದೆ. ಮುಖ ತಿರುಗಿಸಿಕೊಂಡೇ ಬಜ್ಜಿ ತಿಂದೆ. ಅವನ ಪಾಲಿನದನ್ನೂ ತಿಂದೆ.

ಆಗಸ್ಟ್ 22

ಅಜ್ಜಿ ಇವತ್ತು ಸೀರೆಯ ನಿರಿಗೆ ಹಿಡಿದುಕೊಂಡು ಶಾಲೆಯ ಗೇಟಿನ ತನಕ ಬಂದಳು. ಸಂಜೆಯೂ ಅಲ್ಲೇ ನಿಂತಿದ್ದಳು. ಹುಡುಗಿಯರು ನಕ್ಕರು. ನಾನು ಯಾರೋ ಗೊತ್ತಿಲ್ಲದವಳ ಹಾಗೆ ಹತ್ತು ಹೆಜ್ಜೆ ಮುಂದೆ ನಡೆದೆ.

ಸೆಪ್ಟೆಂಬರ್ 17

ರೊಟ್ಟಿ ಬಡಿಯಲು ಕೂತೆ. ಹೊತ್ತು ಹೋಗದೆ ಕೂತದ್ದು, ಇಷ್ಟಪಟ್ಟು ಅಲ್ಲ. ಮೊದಲನೆಯದು ಒಮಾನ್ ದೇಶದ ನಕ್ಷೆಯ ಹಾಗೆ ಬಂತು. ಎರಡನೆಯದನ್ನು ಹಂಚಿಗೆ ಹಾಕುವಾಗ ಅರ್ಧ ಕೈಗೇ ಅಂಟಿಕೊಂಡಿತು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಆರು ಗಂಟೆಗೆ ಅಜ್ಜನಿಗೆ ಚಾರ್ಜು ಕೊಟ್ಟಳು:

“ಇವತ್ತ ಅತ್ತೆವ್ವ ನಾಕು ರೊಟ್ಟಿ ಕೆಡಿಸ್ಯಾರ. ಐದನೇದು ರೊಟ್ಟಿ ಆಗೇತಿ.”

ಅಜ್ಜ ಆ ಐದನೆಯದನ್ನೇ ಕೇಳಿ ಹಾಕಿಸಿಕೊಂಡ. ದವಡೆ ಆಡಿಸುತ್ತಾ ಬಹಳ ಹೊತ್ತು ತಿಂದ. ಇವತ್ತಿಗೆ ಮೋಸವಾಗಿ ತೊಂಬತ್ತೇಳು ದಿನ.

ಅಕ್ಟೋಬರ್ 22

ಅಜ್ಜನಿಗೆ ಇಮೇಲ್ ಕಲಿಯಬೇಕಂತೆ! ಬೀದಿಯವರೆಲ್ಲ ಕಂಪ್ಯೂಟರು ಎನ್ನುತ್ತಿರುವಾಗ ತಾನೊಬ್ಬ ಹಿಂದೆ ಬೀಳುವುದಿಲ್ಲವಂತೆ. ಭಾನುವಾರವಾದ್ದರಿಂದ ಇಂಟರ್‌ನೆಟ್ ಅಂಗಡಿಗೆ ಕರೆದೊಯ್ದೆ. ಅಜ್ಜ ಚಪ್ಪಲಿ ಹೊರಗೆ ಬಿಟ್ಟು, ಮಾನಿಟರಿಗೆ ಕೈಮುಗಿದು ಕುಳಿತ. ಕೀಬೋರ್ಡಿನ ಮೇಲೆ ಶಿಫ್ಟ್ ಎಂದು ಬರೆದ ಕೀ ಕಂಡು, “ಇದರಾಗೂ ಶಿಫ್ಟ್ ಅದಾವೇನು?” ಎಂದು ಬಹಳ ಖುಷಿಪಟ್ಟ. ಒಂದೇ ಬೆರಳು. ಅಕ್ಷರ ಹುಡುಕುವುದಕ್ಕೆ ಹೋದ ಬೆರಳು ದಾರಿಯಲ್ಲಿ ಯಾವ ಅಕ್ಷರಕ್ಕೆ ಹೊರಟಿದ್ದೆ ಎಂಬುದನ್ನೇ ಮರೆಯುತ್ತಿತ್ತು. ಅವನಿಗೂ ಒಂದು ವಿಳಾಸ ಮಾಡಿಕೊಟ್ಟೆ. ಪಾಸ್‌ವರ್ಡು ಕಾರ್ಖಾನೆಯ ಅವನ ಟೋಕನ್ ನಂಬರು.

ಮುಗಿಸಿ ಏಳುವಾಗ, “ಒಬ್ಬನ ಬಂದ್ರ ಮಾಡಾಕ ಬರ್ತೈತೇನು ನನಗ?” ಎಂದು ಕೇಳಿದ. ಬರುತ್ತದೆ, ನಾನು ಕಲಿಸಿದರೆ ಎಮ್ಮೆಗೂ ಬರುತ್ತದೆ ಎಂದೆ.

ನವೆಂಬರ್ 16

ಬರೆಯಲು ಪುರುಸೊತ್ತಾಗಿರಲಿಲ್ಲ. ಅಜ್ಜಿಗೆ ನಾಲ್ಕು ದಿನ ಜ್ವರ. ಅಜ್ಜನಿಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ, ಚಹಾವೂ ಸರಿಯಾಗಿ ಬರುವುದಿಲ್ಲ. ಮುಂಜಾನೆ ಎದ್ದು ನಾನೇ ರೊಟ್ಟಿ ಬಡಿದೆ, ಗಂಜಿ ಕಾಸಿದೆ, ಮಾತ್ರೆ ನುಂಗಿಸಿದೆ. ನುಂಗಿದಂತೆ ಮಾಡಿ ದಿಂಬಿನ ಕೆಳಗೆ ಇಡುತ್ತಾಳೆ, ಹಿಡಿದುಬಿಟ್ಟೆ. ಶಾಲೆಗೂ ಎರಡು ದಿನ ಚಕ್ಕರ್. ಆರು ಗಂಟೆಗೆ ಬಾಗಿಲಲ್ಲಿ ಅಜ್ಜನಿಗೆ ಚಾರ್ಜು ಕೊಟ್ಟೆ:

“ಎರಡು ಬಟ್ಟಲು ಗಂಜಿ ಕುಡದಾಳ. ಜ್ವರ ನೂರಾ ಒಂದು ಐತಿ. ಮಾತ್ರೆ ಮುಚ್ಚಿಟ್ಟಿದ್ಲು, ನುಂಗಸೇನಿ.”

ಅಜ್ಜ ನನ್ನನ್ನೇ ನೋಡುತ್ತ ನಿಂತ. ಆಮೇಲೆ, “ನಿನ್ನ ಡ್ಯೂಟಿ ಮುಗೀತು, ಹೋಗಿ ಮಲಗು” ಎಂದ.

ರೀಮಾಳ ಇಮೇಲ್ ಬಂದು ಮೂರು ವಾರವಾಯಿತು. ಉತ್ತರ ಬರೆಯಬೇಕು. ಮೋಸದ ದಿನಗಳ ಲೆಕ್ಕವೂ ಎಲ್ಲೋ ತಪ್ಪಿದೆ, ಕೂತು ಸರಿಮಾಡಬೇಕು.

ಡಿಸೆಂಬರ್ 9

ಇವತ್ತಿನಿಂದ ಈ ಮನೆಯಲ್ಲಿ ನಾನು ಯಾರನ್ನೂ ನಂಬುವುದಿಲ್ಲ.

ಇಂಟರ್‌ನೆಟ್ ಅಂಗಡಿಗೆ ಹೋಗಿದ್ದೆ. ಅಜ್ಜ ನನಗಿಂತ ಮುಂಚೆ ಬಂದು ಹೋಗಿದ್ದನೆಂದು ಅಂಗಡಿಯವನು ಹೇಳಿದ. ಕಂಪ್ಯೂಟರಿನ ಮುಂದೆ ಕೂತರೆ ಅಜ್ಜನ ಇಮೇಲ್ ಡಬ್ಬ ತೆರೆದೇ ಇದೆ. ಮುಚ್ಚುವುದನ್ನು ಕಲಿಸಲು ಮರೆತಿದ್ದೆ. ಅಪ್ಪನಿಗೆ ಅವನು ಕಳಿಸಿದ ಕಾಗದ ಅಲ್ಲಿತ್ತು, ಅಕ್ಟೋಬರ್ ತಿಂಗಳದ್ದು. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ:

‘ಚಿರಂಜೀವಿ ಕಾಶಿನಾಥನಿಗೆ ಆಶೀರ್ವಾದಗಳು. ನಾವು ಕ್ಷೇಮ. ಹುಡುಗಿಗೆ ಇಲ್ಲಿ ಮನಸ್ಸಿಲ್ಲ. ನೀನು ಮಾಡಿದ್ದು ಸರಿ ಅಲ್ಲ. ನಾನು ಆಕೆಗೆ ಮಾತು ಕೊಟ್ಟಿದ್ದೇನೆ. ವರ್ಷ ಮುಗಿಯುವುದರೊಳಗೆ ಕರೆಸಿಕೊ. ಹುಡುಗಿಯ ಚಾರ್ಜು ಇನ್ನು ನಿನಗೆ.’

ಕೆಳಗೆ ಅಪ್ಪನ ಉತ್ತರ. ಹಳೆಯ ಶಾಲೆಯಲ್ಲಿ ಮತ್ತೆ ಸೀಟು ಸಿಕ್ಕಿದೆ. ಡಿಸೆಂಬರ್ ಇಪ್ಪತ್ತರ ಟಿಕೆಟ್ ಆಗಿದೆ. ಅವಳಿಗೆ ಈಗಲೇ ಹೇಳಬೇಡಿ, ಖುಷಿಪಡಲಿ.

ಇಮೇಲ್ ಕಲಿಸಿದವಳು ನಾನು. ಒಂದು ಭಾನುವಾರ ಪೂರ್ತಿ ಪಕ್ಕದಲ್ಲಿ ಕುಳಿತು, ಬೆರಳು ಹಿಡಿದು ಕಲಿಸಿದೆ. ಆ ಬೆರಳಿನಿಂದಲೇ ನನ್ನನ್ನು ಮನೆಯಿಂದ ಆಚೆ ಹಾಕುವ ಕಾಗದ ಕುಟ್ಟಿದ್ದಾನೆ! ಮನೆಗೆ ಹೋಗಿ ಕೂಗಾಡಿದೆ. ಅಜ್ಜನಿಗೆ ಗಾಬರಿ.

“ನಿನ್ನ ಯಾರು ಕೇಳಿದ್ರು ಬರೀ ಅಂತ?”

“ನೀನ ಕೇಳಿದ್ದಿಯಲ್ಲ ಯವ್ವ, ನಾಚಾರಂದಾಗ.”

“ಅದು ಆಗಸ್ಟದಾಗ!”

“ಮಾತು ಕೊಟ್ಟಿದ್ನಲ್ಲ…”

“ಎಲ್ಲಾರೂ ಮಾತು ಮುರೀತಾರ. ನಿನಗೊಬ್ಬನಿಗೆ ಏನಾಗಿತ್ತು?”

ಅಜ್ಜ ಕನ್ನಡಕ ತೆಗೆದು ಒರೆಸುತ್ತ ಕುಳಿತುಬಿಟ್ಟ. ಅಜ್ಜಿ ಒಲೆಯ ಕಡೆ ತಿರುಗಿ ಕೂತಿದ್ದಳು. ಅವಳಿಗೂ ಎಲ್ಲ ಗೊತ್ತಿತ್ತು. ಒಂದೂವರೆ ತಿಂಗಳು ಅತ್ತೆವ್ವ ಅತ್ತೆವ್ವ ಎನ್ನುತ್ತಲೇ ಮುಚ್ಚಿಟ್ಟಳು.

ಒಂದು ಮಾತು ಸ್ಪಷ್ಟವಾಗಿ ಬರೆದಿಡುತ್ತೇನೆ. ಇಲ್ಲೇ ಇರಬೇಕೆಂಬ ಹುಚ್ಚು ನನಗೇನಿಲ್ಲ. ನನ್ನನ್ನು ಕೇಳದೆ ಮಾಡಿದರಲ್ಲ, ಸಿಟ್ಟು ಅದಕ್ಕೆ.

ಡಿಸೆಂಬರ್ 11

ನನ್ನ ರೊಟ್ಟಿ ನಾನೇ ಬಡಿದುಕೊಂಡು ತಿಂದೆ. ಅವರಿಬ್ಬರಿಗೂ ಬಡಿದಿಟ್ಟೆ, ಆದರೆ ಮಾತಾಡಲಿಲ್ಲ.

ಡಿಸೆಂಬರ್ 17

ಅಜ್ಜಿ ಸುಲ್ತಾನ್ ಬಜಾರಿಗೆ ಎಳೆದುಕೊಂಡು ಹೋದಳು. ಅಪ್ಪನಿಗೆ ಲುಂಗಿ, ಅಮ್ಮನಿಗೆ ಸೀರೆ, ನನಗೆ ಸೂಟ್‌ಕೇಸಿನ ಬೀಗ. ಚೀಲಗಳನ್ನು ಹೊತ್ತುಕೊಂಡು ಅವಳ ಹಿಂದೆ ನಡೆದೆ. ಜನಜಂಗುಳಿಯಲ್ಲಿ ಮೊಣಕೈ ಕೊಟ್ಟು ಅವಳಿಗೆ ದಾರಿ ಮಾಡಿದೆ. ಕೊನೆಗೆ ತಡೆಯಲಾಗದೆ ಕೇಳಿದೆ.

“ಅಜ್ಜ ಬರೀತೀನಿ ಅಂದಾಗ ನೀನರ ಬ್ಯಾಡ ಅನಬೇಕಿಲ್ಲೇನು?”

“ನಾ ಯಾರ್ರೀ ಅತ್ತೆವ್ವ, ಬ್ಯಾಡ ಅನ್ನಾಕ? ಹಡದಾಕಿ ಅಲ್ಲಿ ಅದಾಳ.”

“ಬಾ ಅಂದಾಗ ಬರಾಕ, ಹೋಗು ಅಂದಾಗ ಹೋಗಾಕ, ನಾ ಏನು ಪಾರ್ಸೆಲ್ಲೇನು?”

ಅಜ್ಜಿ ಬಳೆ ಅಂಗಡಿಯ ಮುಂದೆ ನಿಂತು ಕಣ್ಣಿಗೆ ಧೂಳು ಬಿತ್ತು ಎಂದಳು. ನಂಬುವಷ್ಟು ಚಿಕ್ಕವಳೇ ನಾನು?

ಡಿಸೆಂಬರ್ 20

ಮಧ್ಯಾಹ್ನ ನಾಲ್ಕಕ್ಕೆ ವಿಮಾನ. ಹನ್ನೆರಡೂವರೆಗೆ ಅಜ್ಜ ಟ್ಯಾಕ್ಸಿ ತಂದು ನಿಲ್ಲಿಸಿ, ನನ್ನ ಸೂಟ್‌ಕೇಸು ಹತ್ತಿಸಿದ. ಕಾವ್ಯಕ್ಕ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳಿಗೆ ಹೋದ ತಿಂಗಳು ಮಾಧಾಪುರದಲ್ಲಿ ಕೆಲಸ ಸಿಕ್ಕಿದೆ. ನಾನು ಜೀನ್ಸು, ಟಿ ಶರ್ಟು ಹಾಕಿಕೊಂಡು ಕೋಣೆಯಿಂದ ಹೊರಗೆ ಬಂದೆ.

ಅಜ್ಜಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಒಂದು ಹಸಿರು ರವಿಕೆಯ ಖಣ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮನೆಯ ಹೆಣ್ಣುಮಗಳು ದೂರ ಹೊರಟರೆ ಉಡಿ ತುಂಬಿ ಕಳಿಸಬೇಕು, ಸೆರಗಿನಲ್ಲಿ ಅದನ್ನೆಲ್ಲ ಹಾಕಿಸಿಕೊಂಡು ಹೊಸ್ತಿಲು ದಾಟಬೇಕು. ನನಗೆ ಸೆರಗೆಲ್ಲಿದೆ?

“ಈ ಪ್ಯಾಂಟಿಗೆ ಉಡಿ ಹೆಂಗ ತುಂಬಲಿ ನಾ?” ಎಂದು ಅಜ್ಜಿ ನನ್ನನ್ನು ಕೆಳಗಿಂದ ಮೇಲೆ ನೋಡಿದಳು. ಕಾವ್ಯಕ್ಕ ನಗುತ್ತ ತನ್ನ ದುಪಟ್ಟಾ ತೆಗೆದು ನನ್ನ ಹೆಗಲಿಗೆ ಹಾಕಿದಳು.

“ಉಡಿ ಒಡ್ಡರಿ ಅತ್ತೆವ್ವ.”

ದುಪಟ್ಟಾವನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಅವುಚಿಕೊಂಡು ನಿಂತೆ.

“ಒಲ್ಲೆ” ಎಂದೆ.

“ಹಂಗನಬಾರ್ದು. ಹೊತ್ತಾಗ್ತೈತಿ, ಒಡ್ಡರಿ.”

“ಒಲ್ಲೆ. ನಾ ಒಡ್ಡೂದಿಲ್ಲ.”

ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಜ್ಜ ಒಳಗೆ ಬಂದು, “ಏ ಸುಗಲಾ, ಆ ಶಾಸ್ತ್ರ ಬಿಟ್ಟು ಕಳಸು, ವಿಮಾನ ಹೊಕ್ಕೈತಿ” ಎಂದ. ಅಜ್ಜಿ ಮೊರ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೇ ಕುಳಿತುಬಿಟ್ಟಳು.

“ಉಡಿ ತುಂಬಲಾರದ ಹೆಣ್ಣುಮಗಳನ್ನ ಈ ಮನಿಯಿಂದ ಇಲ್ಲೀತನಕ ಕಳಿಸಿಲ್ಲ. ಮುಂದೂ ಕಳಸಂಗಿಲ್ಲ. ವಿಮಾನ ಹೊಕ್ಕೈತಂದ್ರ ಹೋಗಲಿ.”

ಅಜ್ಜ ಅವಳನ್ನು ನೋಡಿದ, ನನ್ನನ್ನು ನೋಡಿದ. ನನಗೆ ಅಳು ಒತ್ತಿ ಬಂತು. ಅಳುತ್ತಲೇ ಹೇಳಿದೆ: ಅವರಿಬ್ಬರೂ ನನ್ನನ್ನು ಕೇಳದೆ ಇಲ್ಲಿಗೆ ಕಳಿಸಿದರು, ನೀವಿಬ್ಬರೂ ಕೇಳದೆ ಅಲ್ಲಿಗೆ ಕಳಿಸುತ್ತಿದ್ದೀರಿ, ಯಾರಿಗೂ ನಾನು ಬೇಡ.

“ಬ್ಯಾಡಾಗಿ ಕಳಸಾಕತ್ತೀನೇನು ನಾ?” ಎಂದ ಅಜ್ಜ. ಗೋಡೆ ಹಿಡಿದು ನಿಂತ. “ಈಗ ಕೇಳ್ತೀನಿ. ಎಲ್ಲಿರಾಕಿ ನೀ, ಇಲ್ಲೋ ಅಲ್ಲೋ?”

ಎಲ್ಲಿರುತ್ತೀಯ ಎಂದು ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಫೋನು ರಿಂಗಾಯಿತು. ಅಮ್ಮ.

“ಇನ್ನೂ ಹೊರಟಿಲ್ವಾ ಪುಟ್ಟಿ? ನಾನು ಬೆಳಿಗ್ಗೆಯಿಂದ ರೆಡಿಯಾಗಿ ಕೂತಿದೀನಿ. ನಿನ್ನ ಕೋಣೆಗೆ ಹೊಸ ಪರದೆ ಹಾಕಿದೀನಿ, ನೀಲಿಯದು.”

“ಅಮ್ಮ, ನಾನು ಬರೂದಿಲ್ಲ. ಹತ್ತನೇದು ಇಲ್ಲೇ ಮುಗಸ್ತೀನಿ.”

ಲೈನು ಕಟ್ಟಾಯಿತೇನೋ ಎಂದುಕೊಂಡೆ.

“ಹಾಗಾದ್ರೆ ನಾನು ಏರ್‌ಪೋರ್ಟಿಗೆ ಹೋಗೋದು ಬೇಡವಾ?”

ಅವಳಿಗೆ ಬೈಯಲು ಆರು ತಿಂಗಳಿಂದ ಎಷ್ಟೋ ಮಾತು ಕೂಡಿಟ್ಟಿದ್ದೆ. “ಬೇಡ ಅಮ್ಮ” ಎಂದೆ.

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಅಪ್ಪನ ಮೇಲೆ ಸಿಟ್ಟಾಗಬೇಡ ಎಂದಳು. ತನ್ನ ಬಗ್ಗೆ ಏನೂ ಹೇಳಲಿಲ್ಲ.

“ಊಟ ಆಯ್ತಾ?” ಎಂದಳು.

“ಇನ್ನೂ ಇಲ್ಲ.”

“ಹೋಗಿ ಊಟ ಮಾಡು.”

ಫೋನು ಇಟ್ಟು ಹೋಗಿ ಉಂಡೆ.